ಗುಂಡಿಗೆ ಬಿದ್ದ ಸಟ್ಟುಗ

ಹದಿನೆಂಟು ವರ್ಷ ಹಬ್ಬದ ಟರ್ಕಿ ಕೋಳಿ ಬೇಯಿಸಿದ ಈ ಕೈ ಇನ್ನು ಶಸ್ತ್ರ ಹಿಡಿಯಲಿದೆ ಎಂದು ಅಕ್ಟೋಬರಿನ ಒಂದು ಭಾನುವಾರ ನಾನು ಘೋಷಿಸಿದೆ! ಕೇಳಿಸಿಕೊಂಡವನು ನನ್ನ ಗಂಡ ವರ್ಲಿನ್ ಒಬ್ಬನೇ. ಅವನು ಆಗ ನಾನು ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯನ್ನು ಗರಗಸದಿಂದ ಕೊಯ್ಯುತ್ತಿದ್ದ.

ಅದು ನಾಲ್ಕನೆಯ ಮಣೆ. ವರ್ಲಿನ್‌ಗೆ ಕಾದಾಡುವ ಪುಟ್ಟ ರೋಬಾಟ್ ಕಟ್ಟುವ ಹುಚ್ಚು. ಒಂದು ಪೌಂಡ್ ತೂಕ ಮೀರಬಾರದು, ಎದುರಾಳಿಯ ಹೊಡೆತಕ್ಕೆ ಸೀಳಬಾರದು. ಅಂಥ ಮೈಗೆ ನನ್ನ ಮಣೆಗಿಂತ ಒಳ್ಳೆಯ ಸರಕು ಇಡೀ ಮಿನೆಸೋಟಾದಲ್ಲಿ ಸಿಗುವುದಿಲ್ಲವಂತೆ. ಈರುಳ್ಳಿಯನ್ನು ನಾನು ಅಂಗೈ ಮೇಲೆ ಹೆಚ್ಚಿಕೊಳ್ಳಬೇಕು!

"ನಾನೂ ಒಂದು ಕಟ್ತೀನಿ. ನಿನ್ನದರ ಜೊತೇನೇ ಕಾದಾಡಿಸ್ತೀನಿ."

"ನೀನಾ? ಮಾರ್ಲಿಸ್, ಇದು ಮಿಕ್ಸರ್ ಅಲ್ಲ ಕಣೇ."

"ಮಿಕ್ಸರ್ ಕೆಟ್ಟಾಗ ಬಿಚ್ಚಿ ಸರಿ ಮಾಡಿದ್ದು ಯಾರಪ್ಪಾ?"

ವರ್ಲಿನ್ ಸೂರು ನೋಡಿದ. ಕಾದ ಕಬ್ಬಿಣ. ಬಡಿದೆ.

"ನನ್ನ ರೋಬಾಟ್ ಗೆದ್ರೆ ಈ ಸಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅಡುಗೆ ನಿನ್ನದು. ನಿಮ್ಮಮ್ಮ, ನಿಮ್ಮಕ್ಕಂದಿರು, ಅವರ ಸಂಸಾರ, ಒಟ್ಟು ಹತ್ತೊಂಬತ್ತು ಬಾಯಿ. ನಾನು ಸೋಫಾ ಮೇಲೆ ಕಾಲು ಚಾಚಿ ಫುಟ್‌ಬಾಲ್ ನೋಡ್ತೀನಿ."

"ನನ್ನ ರೋಬಾಟ್ ಗೆದ್ರೆ?"

"ಇನ್ನೂ ಹದಿನೆಂಟು ವರ್ಷ ನಾನೇ ಬೇಯಿಸ್ತೀನಿ. ತುಟಿಪಿಟಕ್ ಅನ್ನಲ್ಲ."

ಅವನು ಕೈ ಒರೆಸಿಕೊಂಡು ಕೈ ಕುಲುಕಿದ. ಒರೆಸಿಕೊಂಡದ್ದು ನನ್ನ ಬಿಳಿ ಟವೆಲಿಗೆ.

ಇಲ್ಲಿ ನನ್ನ ಗಂಡನ ಮನೆಗೆಲಸದ ಚರಿತ್ರೆಯನ್ನು ಹೇಳಲೇಬೇಕು. ಬಹಳ ಚಿಕ್ಕ ಚರಿತ್ರೆ. ಮದುವೆಯಾದ ವರ್ಷ ಒಂದೇ ಒಂದು ಸಲ ಬಟ್ಟೆ ಒಗೆದ. ಹನ್ನೊಂದು ಬಿಳಿ ಅಂಗಿಗಳು ಗುಲಾಬಿಯಾದವು. ಒಂದೇ ಒಂದು ಸಲ ಪಾತ್ರೆ ತೊಳೆದ. ನನ್ನಜ್ಜಿಯ ಬೀಡು ಕಬ್ಬಿಣದ ಬಾಣಲೆ ತುಕ್ಕು ಹಿಡಿಯಿತು. ಎರಡು ಸಲವೂ ಕರುವಿನಂಥ ಕಣ್ಣು ಬಿಟ್ಟು ಒಂದೇ ಮಾತು ಹೇಳಿದ: "ಅಯ್ಯೋ, ನಂಗೆ ಗೊತ್ತೇ ಆಗ್ಲಿಲ್ಲ ಕಣೇ!" ಎರಡು ಸಲವೂ ಆ ಕೆಲಸ ಶಾಶ್ವತವಾಗಿ ನನ್ನದಾಯಿತು.

ಮರುದಿನದಿಂದಲೇ ನನ್ನ ಶಸ್ತ್ರಾಭ್ಯಾಸ ಆರಂಭ! ಐದನೆಯ ಮಣೆಯನ್ನು ನಾನೇ ಕೊಯ್ದೆ. ಎಷ್ಟು ಹಿತವಾಗಿತ್ತೆಂದರೆ, ನಾಲ್ಕು ಮಣೆಗಳ ಮಟ್ಟಿಗೆ ಗಂಡನನ್ನು ಕ್ಷಮಿಸಿಬಿಟ್ಟೆ. ಮುಂಭಾಗಕ್ಕೆ ಪ್ಯಾನ್‌ಕೇಕ್ ಮಗುಚುವ ಸ್ಟೀಲ್ ಸಟ್ಟುಗವನ್ನು ಬಗ್ಗಿಸಿ ಬಿಗಿದೆ. ಎದುರಾಳಿಯ ಅಡಿಗೆ ನುಗ್ಗಿ ಮಗುಚಿಹಾಕುವ ತಂತ್ರ. ಹದಿನೆಂಟು ವರ್ಷ ಬೆಳಗಿನ ತಿಂಡಿಗೆ ಮಾಡಿದ್ದೂ ಅದನ್ನೇ ತಾನೆ! ತೂಗಿದರೆ ಒಂದು ಪೌಂಡಿನ ಮೇಲೆ ನಾಲ್ಕು ಗ್ರಾಂ ಹೆಚ್ಚಿತ್ತು. ಆಲೂಗಡ್ಡೆ ಸಿಪ್ಪೆ ತೆಗೆಯುವ ಪೀಲರ್ ತಂದು ರೋಬಾಟಿನ ಮೈಯ ಅಂಚುಗಳನ್ನು ಸುಲಿದೆ. ಸರಿಹೋಯಿತು. ಹೆಸರು 'ಸಟ್ಟುಗ' ಎಂದೇ ಇಟ್ಟೆ. ವರ್ಲಿನ್‌ನದು 'ಸಿಡಿಲು'. ಮೂತಿಯಲ್ಲಿ ಗಿರ್ರೆಂದು ತಿರುಗುವ ಅಲಗು, ಮೈತುಂಬ ನನ್ನ ನಾಲ್ಕನೆಯ ಮಣೆ.

ಮೊದಲ ದಿನ ಸಟ್ಟುಗ ಅಡುಗೆಮನೆಯ ಸೌತೆ ಉಪ್ಪಿನಕಾಯಿಯ ಜಾಡಿಯನ್ನೂ ಬೆಕ್ಕಿನ ನೆಮ್ಮದಿಯನ್ನೂ ಒಟ್ಟಿಗೆ ಒಡೆಯಿತು. ಮೂರನೆಯ ವಾರಕ್ಕೆ ಸೂಪ್ ಡಬ್ಬಗಳ ನಡುವೆ ಹಾವಿನಂತೆ ಹರಿಯತೊಡಗಿತು. ಪಂದ್ಯದ ಕಣದಲ್ಲಿ ಒಂದು ಗುಂಡಿ ಇರುತ್ತದೆ, ಬಿದ್ದ ರೋಬಾಟ್ ಸೋತಂತೆ. ಅದಕ್ಕೇ ನೆಲಮಾಳಿಗೆಯ ಮೆಟ್ಟಿಲ ಕಡೆ ಪೂರಾ ವೇಗದಲ್ಲಿ ಓಡಿಸಿ, ಅಂಚಿಗೆ ಕೂದಲೆಳೆಯಷ್ಟು ಮುಂಚೆ ನಿಲ್ಲಿಸುವುದನ್ನು ನೂರಾರು ಸಲ ಅಭ್ಯಾಸ ಮಾಡಿದೆ. ಕೊನೆಗೆ ಅಂಚು ಕಂಡರೆ ಬೆರಳು ತಾನಾಗಿ ಹಿಂದೆ ಸರಿಯುವಷ್ಟು ಪಳಗಿತು.

ನಮ್ಮಿಬ್ಬರ ರಿಮೋಟುಗಳೂ ಜೋಡಿಯಾಗಿ ಕೊಂಡವು, ಅಚ್ಚ ಅವಳಿಗಳು. ಒಂದು ಸಿಡಿಲಿನ ಮಾತು ಮಾತ್ರ ಆಡುತ್ತದೆ, ಇನ್ನೊಂದು ಸಟ್ಟುಗದ್ದು ಮಾತ್ರ.

"ಗುರುತಿಗೆ ಒಂಚೂರು ಟೇಪ್ ಅಂಟಿಸು" ಎಂದ ವರ್ಲಿನ್.

"ಹದಿನೆಂಟು ವರ್ಷದಿಂದ ನಿನ್ನ ಕಪ್ಪು ಕಾಲುಚೀಲಗಳಿಗೆ ಜೋಡಿ ಹುಡುಕ್ತಿರೋಳು ನಾನು. ಎರಡು ರಿಮೋಟ್ ಗುರುತು ಹಿಡಿಯೋಕಾಗಲ್ವಾ?"

ನವೆಂಬರಿನ ಒಂದು ಶನಿವಾರ, ಅಗ್ನಿಶಾಮಕ ದಳದ ಸಭಾಂಗಣ. ಪಂದ್ಯ ನಡೆಸುವವಳು ಟೋವೆ, ಮೂವತ್ತು ವರ್ಷ ಬೆಂಕಿ ಆರಿಸಿ ನಿವೃತ್ತಳಾದ ಗಟ್ಟಿಗಿತ್ತಿ. ಬೆಳಗಿನ ಸುತ್ತಿನಲ್ಲಿ ಸಟ್ಟುಗ ಒಬ್ಬ ದಂತವೈದ್ಯನ ರೋಬಾಟನ್ನು ಪ್ಯಾನ್‌ಕೇಕಿನಂತೆ ಮಗುಚಿತು! ಸಿಡಿಲೂ ಗೆದ್ದಿತು. ಊಟವಾದ ಮೇಲೆ ಗಂಡ ಹೆಂಡಿರ ಯುದ್ಧ.

ಊಟವೆಂದರೆ ನಾನು ಕಟ್ಟಿ ತಂದಿದ್ದ ಹ್ಯಾಮ್ ಸ್ಯಾಂಡ್‌ವಿಚ್. ವರ್ಲಿನ್ ತಿಂದೆದ್ದು ಹೋದ. ಮೇಜಿನ ಮೇಲೆ ಬ್ರೆಡ್ ಪುಡಿ, ಸಾಸಿವೆ ಗೊಜ್ಜಿನ ಕಲೆ, ಮಡಚದ ಕಾಗದ. ಯುದ್ಧಕ್ಕೆ ಹೊರಟ ವೀರಾಂಗನೆ ಏನು ಮಾಡಬೇಕಿತ್ತು? ಬ್ಯಾಟರಿ ನೋಡಬೇಕಿತ್ತು, ತಿರುಪು ಬಿಗಿಯಬೇಕಿತ್ತು. ನಾನು ಒದ್ದೆ ಬಟ್ಟೆ ತಂದು ಮೇಜು ಒರೆಸಿದೆ. ರಿಮೋಟುಗಳನ್ನು ಎತ್ತಿ ಅವುಗಳನ್ನೂ ಒರೆಸಿದೆ. ಒಂದರ ಪಕ್ಕ ಒಂದು ಅಂದವಾಗಿ ಜೋಡಿಸಿಟ್ಟೆ.

ಕಣವೆಂದರೆ ಗಾಜಿನಂಥ ಗೋಡೆಗಳ ದೊಡ್ಡ ಪೆಟ್ಟಿಗೆ. ಬಾಗಿಲು ಮುಚ್ಚಿತು. ಟೋವೆ ಕೂಗಿದಳು: "ಮೂರು! ಎರಡು! ಒಂದು! ಹೊಡೀರಿ!"

ನಾನು ರಿಮೋಟಿನ ಕೋಲನ್ನು ಮುಂದಕ್ಕೆ ತಳ್ಳಿದೆ. ಸಿಡಿಲು ಮುಂದಕ್ಕೆ ಬಂತು.

ಎಡಕ್ಕೆ ಎಳೆದೆ. ಸಿಡಿಲು ಎಡಕ್ಕೆ ತಿರುಗಿತು! ಅತ್ತ ವರ್ಲಿನ್ ಬೆರಳು ಆಡಿಸಿದಂತೆಲ್ಲ ನನ್ನ ಸಟ್ಟುಗ ಪತಿವ್ರತೆಯ ಹಾಗೆ ಕುಣಿಯುತ್ತಿತ್ತು. ಗಾಜಿನ ಎರಡು ಬದಿಗಳಿಂದ ನಾವು ಒಬ್ಬರನ್ನೊಬ್ಬರು ನೋಡಿದೆವು. ಇಬ್ಬರಿಗೂ ಒಂದೇ ಕ್ಷಣ ಅರ್ಥವಾಯಿತು. ಇಬ್ಬರೂ ಬಾಯಿ ಬಿಡಲಿಲ್ಲ. ಪಣ ಇದ್ದದ್ದು ಯಾರ ರೋಬಾಟ್ ಗೆಲ್ಲುತ್ತದೆ ಎಂದು. ನಾನು ಗೆಲ್ಲಬೇಕಾದರೆ ಅವನದನ್ನು ಸೋಲಿಸಬೇಕು. ಅದು ನನ್ನ ಕೈಯಲ್ಲೇ ಇದೆ!

ಮುಂದೆ ನಡೆದದ್ದನ್ನು ಆ ಸಭಾಂಗಣ ಹಿಂದೆಂದೂ ಕಂಡಿರಲಿಲ್ಲ. ಎರಡು ರೋಬಾಟುಗಳೂ ಕಾದಾಟ ಬಿಟ್ಟು, ನಾ ಮುಂದು ತಾ ಮುಂದು ಎಂದು ಗುಂಡಿಯ ಕಡೆ ದೌಡಾಯಿಸಿದವು!

"ಏನ್ರೋ ಇದು, ಸಾಯೋಕೆ ಪೈಪೋಟಿನಾ?" ಎಂದು ಯಾರೋ ಕೂಗಿದರು.

ನನ್ನ ಕೈಗೆ ಸಿಕ್ಕ ಸಿಡಿಲೇ ಮುಂದಿತ್ತು. ಇನ್ನೊಂದು ಗೇಣು, ಹತ್ತೊಂಬತ್ತು ತಟ್ಟೆಗಳಿಂದ ಬಿಡುಗಡೆ! ಅಂಚು ಬಂತು. ನನ್ನ ಹೆಬ್ಬೆರಳು ಹಿಂದಕ್ಕೆ ಸರಿಯಿತು. ಸಿಡಿಲು ಕೂದಲೆಳೆಯಷ್ಟು ಮುಂಚೆ ಗಕ್ಕನೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಮತ್ತೆ ತಳ್ಳಿದೆ, ಮತ್ತೆ ನಿಂತಿತು. ಬೆರಳಿಗೆ ಬೈದೆ, ಹಲ್ಲು ಕಚ್ಚಿದೆ. ಮೂರನೆಯ ಸಲವೂ ಅಷ್ಟೇ ಸೊಗಸಾಗಿ ನಿಂತಿತು!

ವರ್ಲಿನ್‌ಗೆ ಅಂಥ ತೊಂದರೆ ಇರಲಿಲ್ಲ. ಸಟ್ಟುಗ ಒಮ್ಮೆ ಗೋಡೆಗೆ ಗುದ್ದಿತು, ಒಮ್ಮೆ ತನ್ನ ಸುತ್ತಲೇ ಸುತ್ತಿತು, ಆಮೇಲೆ ತಟ್ಟೆಯಿಂದ ಜಾರಿದ ಮೊಟ್ಟೆಯಂತೆ ಗುಂಡಿಗೆ ಬಿತ್ತು. ಅವನು ಕರುವಿನಂಥ ಕಣ್ಣು ಬಿಟ್ಟ.

"ಅಯ್ಯೋ, ನಂಗೆ ಗೊತ್ತೇ ಆಗ್ಲಿಲ್ಲ ಕಣೇ!"

ಕೆಲಸ ಕೆಡಿಸುವುದರಲ್ಲಿ ಹದಿನೆಂಟು ವರ್ಷ ಪಳಗಿದವನ ಎದುರು, ಒಂದೇ ಒಂದು ಕೆಲಸವನ್ನೂ ಕೆಡಿಸಿ ಗೊತ್ತಿಲ್ಲದ ನಾನು ಯಾವ ಲೆಕ್ಕ?

ನಾನು ಟೋವೆ ಹತ್ತಿರ ಓಡಿದೆ. "ರಿಮೋಟ್ ಅದಲುಬದಲಾಗಿದೆ! ಪಂದ್ಯ ಮತ್ತೆ ಆಡಿಸು!"

"ಅದಲುಬದಲು ಮಾಡಿದ್ದು ಯಾರಮ್ಮಾ?"

"ನಾನೇ. ಮೇಜು ಒರೆಸ್ತಿದ್ದೆ..."

ಟೋವೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಅವನು ತಿಂದ ಮೇಜನ್ನ ನೀನ್ಯಾಕೆ ಒರೆಸ್ದೆ?" ಎಂದವಳು ಚೀಟಿಯಲ್ಲಿ ಗೆದ್ದದ್ದು ಸಿಡಿಲು ಎಂದು ಬರೆದಳು. ಬಿದ್ದದ್ದು ಬಿದ್ದಂತೆಯೇ.

ಆದರೂ ಪಾಠ ಕಲಿತಿದ್ದೆ. ಕೆಡಿಸಿದವರಿಗೆ ಕೆಲಸ ತಪ್ಪುತ್ತದೆ! ಈ ಸಲದ ಟರ್ಕಿಯನ್ನು ಹತ್ತೊಂಬತ್ತು ಜನರ ಎದುರು ಕರಕಲು ಮಾಡುವುದೆಂದು ಶಪಥ ತೊಟ್ಟೆ. ಹಬ್ಬದ ದಿನ ಉಪ್ಪಿನ ಡಬ್ಬಿಯನ್ನೇ ಬಗ್ಗಿಸಿದೆ. ಅಳತೆಗೆ ಸರಿಯಾಗಿ ಕೈ ನಿಂತಿತು. ಸುಡಲೆಂದು ಓವನ್ನಿನಲ್ಲೇ ಬಿಟ್ಟು ಸೋಫಾ ಮೇಲೆ ಕೂತೆ. ಘಮ ಬದಲಾದ ಕ್ಷಣ ಕಾಲುಗಳು ಎದ್ದು ಓಡಿದವು.

ಅತ್ತೆ ಆರ್ಡಿಸ್ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇಷ್ಟು ವರ್ಷದಲ್ಲಿ ಇಂಥ ಟರ್ಕಿ ತಿಂದಿಲ್ಲ ಮಾರ್ಲಿಸ್! ಕ್ರಿಸ್‌ಮಸ್ ಊಟಾನೂ ಇಲ್ಲೇ ಇಟ್ಕೊಳ್ಳೋಣ ಬಿಡು."

ವರ್ಲಿನ್‌ಗೆ ಪಾಪ ಅನ್ನಿಸಿರಬೇಕು. "ನೀನು ಕೂತಿರು, ಇವತ್ತು ತಟ್ಟೆ ನಾನು ತೊಳೀತೀನಿ" ಎಂದು ಎದ್ದು ಒಳಗೆ ಹೋದ.

ಫಳಾರ್!

"ಅಯ್ಯೋ, ನಂಗೆ ಗೊತ್ತೇ ಆಗ್ಲಿಲ್ಲ ಕಣೇ!"

ಅವನ ಮಾತು ಮುಗಿಯುವ ಮೊದಲೇ ನನ್ನ ಕೈಯಲ್ಲಿ ಪೊರಕೆ ಇತ್ತು.