ಗಿರ್ಮಿಟ್ ಪೊಟ್ಟಣದ ಸುವಾರ್ತೆ

ನಾ ಮನಿ ಬಿಟ್ಟು ಹೊರಗ ಕಾಲಿಟ್ರ ಸಾಕು, ಏನರ ಒಂದು ಆಗೇ ಆಗ್ತೈತಿ. ಆ ವರ್ಷ ಮಲಪ್ರಭಾ ಹೊಳಿ ಕೊಣ್ಣೂರ ಸೇತುವಿ ಏರಿ ಬಂದಾಗ ನಮ್ಮ ಬಸ್ಸು ನಡು ಸೇತುವಿಗೆ ನಿಂತುಬಿಡ್ತು. ಅಳೂ ಮಂದಿಗೆಲ್ಲಾ ಯೇಸುಸ್ವಾಮಿ ಸುದ್ದಿ ಹೇಳಿ, ಹೊಳಿಗೆ "ಇಳಿ" ಅಂತ ಕೈ ಮಾಡಿದಾಂವ ನಾನು. ಗೇಣು ಇಳೀತು. ಸಾಕ್ಷಿ ಬೇಕೇನು? ಡ್ರೈವರ್ ತೀರಿಕೊಂಡ, ಬಸ್ಸು ಗುಜರಿಗೆ ಹೋತು, ನೀರಂತೂ ಅವತ್ತ ಹರದು ಹೋತು.

ಇಂಥಾ ಮನುಷ್ಯಾಗ ನಮ್ಮ ಪಾಸ್ಟರು ಒಂದು ಆಯಿತವಾರ ಏನಂದ್ರು ಗೊತ್ತೇನು?

"ಅಜ್ಜಾರ, ಇಪ್ಪತ್ತು ವರ್ಷಾತು ಸುವಾರ್ತೆ ಚೀಟಿ ಚೀಲ ನಿಮ್ಮ ಹೆಗಲಿಗೇ ಐತಿ. ನಿಮ್ಮ ಮಾತು ಖರೇ ಆಗಿದ್ರ ರೋಣ ತಾಲೂಕ ಪೂರಾ ಇಲ್ಲೇ ಕುಂತಿರಬೇಕಿತ್ತು. ನಾವಿರೂದು ಹದಿನಾರು ಮಂದಿ, ಅದರಾಗ ಐದು ಮಂದಿ ನಿಮ್ಮ ಮನಿಯವರ. ಬರೂ ಆಯಿತವಾರ ಒಬ್ಬ ಹೊಸಬರು ಬರಲಿಲ್ಲಂದ್ರ ಚೀಲ ಬ್ಯಾರೇದವರಿಗೆ ಕೊಡ್ತೀನಿ."

ಆ ಚೀಲ ಹ್ವಾದ್ರ ನಾನೂ ಬಸ್‌ಸ್ಟ್ಯಾಂಡಿನಾಗ ಸುಮ್ನ ಕುಂದ್ರೂ ಮುದುಕರ ಸಾಲಿಗೆ ಸೇರಿದಂಗ. ಮರುದಿನಾನ ಹೊಂಟೆ.

೧. ಸಾವುಕಾರ್ರ ಮುಂದಿನ ಊರು

ನರಗುಂದದಾಗ ಹುಬ್ಬಳ್ಳಿ ಬಸ್ ಹತ್ತಿದೆ. ಬಾಜೂಕ ಒಬ್ಬರು ಹತ್ತಿ ವ್ಯಾಪಾರದ ಸಾವುಕಾರ್ರು, ಮಡಿಲಾಗ ದೊಡ್ಡದೊಂದು ಲಕೋಟಿ. ನಾನು ಸುತ್ತೀ ಬಳಸಿ ಮಾತಾಡೂ ಪೈಕಿ ಅಲ್ಲ. ನೇರ ಕೇಳಿದೆ:

"ಸಾವುಕಾರ್ರ, ಈಗಿಂದೀಗ ಸತ್ರ ಎಲ್ಲಿಗೆ ಹೋಗ್ತೀರಿ?"

ಅವರ ಮಾರಿ ಬೆಳ್ಳಗಾತು. "ಎದಿ ನೋವಂತ ಹುಬ್ಬಳ್ಳಿ ದವಾಖಾನಿಗೆ ಹೊಂಟೀನೋ ಮಾರಾಯಾ! ಅದಕ್ಕೂ ಮುಂದಿನ ಊರಿಗೆ ಟಿಕೀಟ್ ತಗಸ್ತೀಯಲ್ಲ!"

ಎದ್ದು ಹೋಗಿ ಡ್ರೈವರ್ ಹಿಂದ ನಿಂತರು. ಹುಬ್ಬಳ್ಳಿತನಕ ನಿಂತೇ ಹ್ವಾದ್ರು. ಅಷ್ಟು ಗಟ್ಟಿ ಎದಿ ಇಟ್ಕೊಂಡು ದವಾಖಾನಿ ಯಾಕ ಬೇಕಿತ್ತೋ ಅವರಿಗೆ!

೨. ಗಜೇಂದ್ರಗಡದ ಸಂತಿ

ಸಂತಿಯಾಗ ಒಬ್ಬಾಕಿ ಜ್ವಾಳದ ಚೀಲ ಮುಂದಿಟ್ಕೊಂಡು ಉಸ್ ಅಂತ ಕುಂತಿದ್ಲು. "ತಂಗೀ, ನಿನ್ನ ಭಾರ ಎಲ್ಲಾ ನಮ್ಮ ಯೇಸುಸ್ವಾಮಿ ಹೊರತಾನ" ಅಂದೆ.

"ಅಂವ ಬರೂತನಕ ನೀನ ಹೊರು" ಅಂತ ಚೀಲ ಎತ್ತಿ ನನ್ನ ತಲಿ ಮ್ಯಾಲೆ ಇಟ್ಟಳು!

ಬಸ್‌ಸ್ಟ್ಯಾಂಡಿನತನಕ ಹೊತ್ತೆ. ಎರಡು ಕ್ವಿಂಟಲ್ ಇತ್ತು. ಕಡಿಮಿ ಅಂದ್ರ ಇಪ್ಪತ್ತು ಕಿಲೋ. "ಆಯಿತವಾರ ಪ್ರಾರ್ಥನಿಗೆ ಬಾರವ್ವಾ" ಅಂದೆ. ಬಸ್ಸಿನ ಕಿಟಕಿಯಿಂದ ಅಂದ್ಲು, "ಮುಂದಿನ ಸಂತಿಗೆ ನೀ ಬಾರಪಾ. ನಿಮ್ಮ ಸ್ವಾಮಿ ಆಳು ಚಲೋ ಇಟ್ಟಾನ."

೩. ರೋಣದ ಗಿರ್ಮಿಟ್

ಕುತ್ತಿಗಿ ಹಿಡಕೊಂಡಿತ್ತು, ಕಾಲು ಬಾತಿದ್ವು. ರೋಣದ ಬಸ್‌ಸ್ಟ್ಯಾಂಡಿನ ಗಿರ್ಮಿಟ್ ಅಂಗಡಿಯಾಂವ ಅಂದ, "ಅಜ್ಜಾ, ಆ ಚೀಟಿ ಇಲ್ಲೇ ಇಡು. ಚುರಮರಿ ಕಟ್ಟಿ ನಾನ ಹಂಚ್ತೀನಿ. ನಿನ್ನ ಕಾಗದ ದಪ್ಪ ಐತಿ, ಎಣ್ಣಿ ಜಿನಗೂದಿಲ್ಲ."

ಇಡೀ ಕಟ್ಟು ಕೊಟ್ಟೆ. ಅಂವ ಒಂದೊಂದು ಚೀಟೀನೂ ಅರ್ಧಕ್ಕ ಹರದು, ಮ್ಯಾಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಒಂದು ಕಡೆ ಒಟ್ಟಿದ. ಓದಾಕ ಬರದ ನನಗ ಯಾವ ಅರ್ಧ ಆದ್ರೇನು! ಪಾಸ್ಟರಿಗೆ ಹೇಳಿದೆ: "ಎಲ್ಲಾ ಖಾಲಿ. ನನ್ನ ಕೈಯಾರೆ ಕೊಟ್ಟೀನಿ."

೪. ಆಯಿತವಾರ

ಹಾಡು ಮುಗೀತು, ಹೊಸಬರು ಯಾರೂ ಇಲ್ಲ. ಪಾಸ್ಟರು ಚೀಲ ನೋಡಾಕತ್ತಿದ್ರು, ನಾ ಮ್ಯಾಲಿನ ಜಂತಿ ನೋಡಾಕತ್ತಿದ್ದೆ. ಅಷ್ಟರಾಗ ಬಾಗಿಲಾಗ ಒಬ್ಬ ಹಮಾಲ ಬಂದು ನಿಂತ, ಕೈಯಾಗ ಎಣ್ಣಿ ಹತ್ತಿದ ಅರ್ಧ ಚೀಟಿ.

"ಈ ಚೀಟಿ ಮ್ಯಾಲಿನ ಶಿಕ್ಕಾ, ವಿಳಾಸ ನಿಮ್ಮದೇನ್ರಿ? ಇದರಾಗಿನ ಕತಿಯಾಗ ಆಸ್ತಿ ಉಡಾಯಿಸಿ ಹಂದಿ ಕಾಯಾಕ ನಿಂತ ಮಗ, ಅಪ್ಪನ ಮನಿಗೆ ಹೋಗೂಣಂತ ಎದ್ದ. ಮುಂದ ಹರದೈತಿ. ನಾಕ ದಿನ ಗಿರ್ಮಿಟ್ ತಿಂದೆ, ನಾಕೂ ದಿನ ಮ್ಯಾಲಿನ ಅರ್ಧಾನ ಬಂತು. ಹೊಟ್ಟಿ ಕೆಟ್ಟೈತಿ. ಅಪ್ಪ ಒಳಗ ಕರಕೊಂಡನೋ ಇಲ್ಲೋ, ಅಷ್ಟ ಹೇಳ್ರಿ."

"ಅಪ್ಪ ಓಡಿ ಬಂದು ತೆಕ್ಕಿ ಬಡಕೊಂಡ" ಅಂದ್ರು ಪಾಸ್ಟರು.

ಅಂವ ಅಲ್ಲೇ ಕುಂತ. ಟಾವೆಲ್ಲಿನಿಂದ ಮಾರಿ ಒರಿಸಿಕೊಂಡ. "ನಾನು ಸವಡಿ ಊರಾಂವ್ರಿ. ಅಪ್ಪನ ಕೂಡ ಮಾತು ಬಿಟ್ಟು ಮೂರು ವರ್ಷಾತು. ನಮ್ಮಪ್ಪಗ ಮೊಣಕಾಲು ನೋವು, ಓಡಾಕ ಆಗೂದಿಲ್ಲ. ನಾನ ಓಡಬೇಕು."

ಎಲ್ಲಾರ ಕಣ್ಣಾಗೂ ನೀರು. ಇದಕ್ಕಿಂತ ಚಲೋ ಹೊತ್ತು ಸಿಗೂದಿಲ್ಲಂತ ನಾ ಎದ್ದು ನಿಂತೆ. "ನೋಡ್ರಿ! ನಾ ಕೈಯಾರೆ ಕೊಟ್ಟ ಚೀಟಿ! ಕೊಣ್ಣೂರ ಹೊಳಿ ಇಳಿಸಿದ ಕೈ ಇದು!"

ಅಂವ ನನ್ನ ದಿಟ್ಟಿಸಿ ನೋಡಿದ. "ಚೀಟಿ ಕೊಟ್ಟಾಂವ ಗಿರ್ಮಿಟ್ ಅಂಗಡಿಯಾಂವ. ಮತ್ತ ಕೊಣ್ಣೂರ ಬಸ್ಸಿನಾಗ ನಾನೂ ಇದ್ನಿ. ಕಂಡಕ್ಟರನ ನಡಾ ಹಿಡಕೊಂಡು 'ಯೇಸಪ್ಪಾ, ನನ್ನೊಬ್ಬನ್ನ ದಾಟಿಸಿಬಿಡು' ಅಂತ ಒದರಿದಾಂವ ನೀನ ಅಲ್ಲೇನು?"

ಉಳಿದ ಹದಿನೈದೂ ಮಂದಿ ನನ್ನ ಕಡೆ ತಿರುಗಿದ್ರು. ಪಾಸ್ಟರು ಚೀಲಕ್ಕ ಕೈ ಚಾಚಿದ್ರು.

ನಾ ಹೆಗಲು ಹಾರಿಸಿದೆ, ಚೀಲ ಮಾತ್ರ ಜಾರಗೊಡಲಿಲ್ಲ.

"ನನ್ನೊಬ್ಬನ್ನ ಅಂತ ಕೇಳಿದ್ದಕ್ಕ ನಿನ್ನೂ ದಾಟಿಸ್ಯಾನಲ್ಲೋ, ಇನ್ನೇನ ಬೇಕು?"