ಗ್ರೂಪಿಗೆ ಹೋದ ಖಾರದ ಗುಟ್ಟು

ಎದುರಿಗೆ ನಿಂತು ಬೈಯುವ ಗಿರಾಕಿಯನ್ನು ನಾನು ಹೇಗೋ ಸಂಭಾಳಿಸಬಲ್ಲೆ. ಕುಂದ್ರಿ ಎಂದು ಸ್ಟೂಲು ಎಳೆದು ಚಹಾ ತರಿಸಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಮೊಬೈಲಿನೊಳಗಿನ ಗಿರಾಕಿಗೆ ಚಹಾ ಕುಡಿಸುವುದು ಹೇಗೆ? ಬ್ಯಾಡಗಿಯಲ್ಲಿ ನನ್ನದೊಂದು ಖಾರದಪುಡಿ ಅಂಗಡಿ. ಈಗೀಗ ಊರೂರಿನವರು ಫೋನಿನಲ್ಲೇ ಪುಡಿ ತರಿಸುತ್ತಾರೆ, ಫೋನಿನಲ್ಲೇ ತಕರಾರು ತೆಗೆಯುತ್ತಾರೆ. ಅವರಿಗೆಂದೇ ಮಗಳು ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಟ್ಟು, ಕೇಳಿದವರಿಗೆ ಕೂಡಲೇ ಉತ್ತರ ಕೊಡಬೇಕೆಂದು ತಾಕೀತು ಮಾಡಿದ್ದಳು.

ಒಂದು ಬೆಳಿಗ್ಗೆ ರಾಣೆಬೆನ್ನೂರಿನ ಟೀಚರೊಬ್ಬರು, ಪುಡಿಯಲ್ಲಿ ಬಣ್ಣವಿದೆ, ಖಾರವೇ ಇಲ್ಲ ಎಂದು ಗ್ರೂಪಿನಲ್ಲಿ ಬರೆದರು. ಟೈಪ್ ಮಾಡಲು ನನ್ನ ಹೆಬ್ಬೆರಳು ಒಗ್ಗುವುದಿಲ್ಲ. ಮೈಕಿನ ಗುರುತು ಒತ್ತಿ ಹಿಡಿದು, ನಮ್ಮ ಪುಡಿಯಷ್ಟು ಖಾರ ಮತ್ತೆಲ್ಲೂ ಸಿಗದು, ಮನೆಯಲ್ಲಿ ನಾವೂ ಇದನ್ನೇ ಉಣ್ಣುತ್ತೇವೆ ಎಂದು ಗಂಭೀರವಾಗಿ ಹೇಳುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗಿರಿಜಾ ಅಲ್ಲಿಂದಲೇ ಬಾಯಿ ಹಾಕಿದಳು.

"ಯಾಕ ಸುಳ್ಳು ಹೇಳ್ತೀರಿ? ಬ್ಯಾಡಗಿ ಕಾಯಿ ಬಣ್ಣಕ್ಕ ಅಷ್ಟ. ಮನ್ಯಾಗ ಖಾರಕ್ಕ ನಾ ಗುಂಟೂರು ಕಾಯಿ ಕೂಡಸ್ತೇನಿ. ಅದನ್ನ ಹೇಳ್ರಿ."

"ಹಂಗ ಹೇಳಿದ್ರ ನಮ್ಮ ಪುಡಿ ಯಾರು ತಗೋತಾರ? ನೀ ಸುಮ್ನಿರು," ಎಂದು ಮೈಕಿನಿಂದ ಬೆರಳು ಎತ್ತಿದೆ. ನಮ್ಮಿಬ್ಬರ ಮಾತೂ ಸೇರಿ ಎಲ್ಲವೂ ಗ್ರೂಪಿಗೆ ಹೋಗಿಬಿಟ್ಟಿತು.

ಗಡಿಬಿಡಿಯಲ್ಲಿ ಅದನ್ನು ಅಳಿಸಿದೆ. ಸದ್ಯ ಎಂದು ಉಸಿರು ಬಿಡುವಷ್ಟರಲ್ಲಿ ಗ್ರೂಪಿನಲ್ಲೇ ಇದ್ದ ಹೆಂಡತಿಯ ತಮ್ಮನ ಫೋನ್ ಹಾವೇರಿಯಿಂದ. "ಮಾಮಾ, ಅಕ್ಕ ಹೇಳಿದ್ದ ಖರೇ ಐತಿ ನೋಡ್ರಿ," ಎಂದ. ನಾನು ಅಳಿಸಿದ್ದು ನನ್ನ ಫೋನಿನಲ್ಲಿ ಮಾತ್ರವಂತೆ. ಉಳಿದವರೆಲ್ಲ ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಅಪ್ಪ ಕಟ್ಟಿದ ಅಂಗಡಿ ನನ್ನ ಬಾಯಿಂದಲೇ ಮುಳುಗಿತು ಎಂದುಕೊಂಡೆ.

ಗಿರಿಜಾ ಹಿಟ್ಟಿನ ಕೈ ಒರೆಸಿಕೊಂಡು ಫೋನ್ ಕಸಿದುಕೊಂಡಳು. ಅಕ್ಕಾರ, ಎಷ್ಟು ಕೂಡಸ್ತೀರಿ ಎಂದು ಟೀಚರು ಆಗಲೇ ಕೇಳಿದ್ದರು. ಅವಳು ಅಳತೆ ಹೇಳಿದಳು, ಹುರಿಯುವ ಹದ ಹೇಳಿದಳು, ನನ್ನ ಪರವಾಗಿ ಕ್ಷಮೆಯನ್ನೂ ಕೇಳಿದಳು. ಸಂಜೆಯೊಳಗೆ ಎಷ್ಟೋ ಜನ ಅಕ್ಕಾರ ಮನೆಯ ಪುಡಿಯನ್ನೇ ಕಳಿಸಿ ಎಂದು ಬರೆದರು. ಗಿರಣಿಗೆ ಓಡಿದವನು ನಾನು.

ಈಗ ಗ್ರೂಪಿನಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಮೊನ್ನೆ ಹಾವೇರಿಯ ವಕೀಲರೊಬ್ಬರು ಅಂಗಡಿ ಎಷ್ಟೊತ್ತಿಗೆ ತೆರೆಯುತ್ತದೆ ಎಂದು ಕೇಳಿದರು. ಹತ್ತಕ್ಕೆ ಎಂದೆ. "ಅಕ್ಕಾರನ್ನ ಒಮ್ಮೆ ಕೇಳಿ ಹೇಳ್ರಿ," ಎಂದು ಬಂತು.

ಕೇಳಿದೆ. ಒಂಬತ್ತೂವರೆಯಂತೆ.