ಕರಕರದ ಬೆನ್ನು ಹತ್ತಿದ ದೊಡ್ಡಪ್ಪ

ತೀರ್ಥಹಳ್ಳಿಯ ನಮ್ಮ ಬೀದಿಯಲ್ಲಿ ದೊಡ್ಡಪ್ಪ ಬರುವುದು ಕಂಡರೆ ಹೆಂಗಸರು ಮೊದಲು ಮಿಕ್ಸಿ ಬಂದ್ ಮಾಡುತ್ತಿದ್ದರು, ಆಮೇಲೆ ಬಾಗಿಲು ತೆಗೆಯುತ್ತಿದ್ದರು. ಹೀಗೆ ಬೀದಿಯನ್ನೇ ಹೆದರಿಸಿಟ್ಟ ಮನುಷ್ಯ ಪೊಲೀಸರೇ? ಲೈನ್‌ಮನ್ನೇ? ಎರಡೂ ಅಲ್ಲ. ರೇಡಿಯೋ ಕೇಳುವವರು, ಅಷ್ಟೇ.

ಎಂಬತ್ತರ ದಶಕ. ಮನೆಮನೆಗೂ ಮಿಕ್ಸಿ, ಟ್ಯೂಬ್‌ಲೈಟು ಬಂದು ದೊಡ್ಡಪ್ಪನ ರೇಡಿಯೋದಲ್ಲಿ ಕರಕರ ಶುರುವಾಗಿತ್ತು. ಅವರು ಪುಟ್ಟ ಟ್ರಾನ್ಸಿಸ್ಟರನ್ನು ಎತ್ತಿಕೊಂಡು, ಕರಕರ ಹೆಚ್ಚಾದ ದಿಕ್ಕಿಗೆ ನಡೆಯುತ್ತಿದ್ದರು. ಒಮ್ಮೆ ಅದು ಪಕ್ಕದವರ ಅಡುಗೆಮನೆಗೇ ಕರೆದೊಯ್ದಿತು.

"ಅಮ್ಮಾ, ನಿಮ್ಮ ಚಟ್ನಿ ವಾರ್ತೆ ಓದೋರ ಬಾಯಿ ಮುಚ್ಚಿಸ್ತಿದೆ."

"ಹಾಗಾದ್ರೆ ನೀವೇ ಒರಳಲ್ಲಿ ರುಬ್ಬಿಕೊಡಿ."

ದೊಡ್ಡಪ್ಪ ರುಬ್ಬಿದರು! ವಾರ್ತೆ ಮುಗಿಯುವವರೆಗೂ ರುಬ್ಬಿದರು.

ಹೊಸನಗರದ ನೆಂಟರ ಮನೆಯಲ್ಲಿ ಟ್ಯೂಬ್‌ಲೈಟ್ ಪರೀಕ್ಷಿಸಲು ಊಟಕ್ಕೆ ಕೂತವರನ್ನೆಲ್ಲ ಕತ್ತಲಲ್ಲಿಟ್ಟರು. ಪಾಯಸದ ಮೇಲೆ ಸಾರು ಬಿತ್ತು. ಕರಕರ ನಿಂತಿತೆಂದು ಅವರೊಬ್ಬರೇ ಖುಷಿಯಾಗಿ ಉಂಡರು.

ಹೀಗಿರುವಾಗ ಅವರ ಮಗಳು, ನನಗೆ ಅಕ್ಕ, ರೇಡಿಯೋ ಸ್ಟೇಷನ್ನಿಗೆ ಹೋಗಿ ಮೊದಲ ಸಲ ಹಾಡಿ, ರೆಕಾರ್ಡ್ ಮಾಡಿಸಿ ಬಂದಳು. ಪ್ರಸಾರ ಒಂದೇ ಸಲ. ತಪ್ಪಿದರೆ ಮತ್ತೆ ಕೇಳುವ ದಾರಿಯಿಲ್ಲ. ಆ ಬೆಳಿಗ್ಗೆ ಬೀದಿಯವರೆಲ್ಲ ದೊಡ್ಡಪ್ಪನ ಮಾತಿಗೆ ಮೇನ್ ಸ್ವಿಚ್ಚನ್ನೇ ಇಳಿಸಿದರು. ದೊಡ್ಡಪ್ಪನ ಮನೆಯದೊಂದು ಬಿಟ್ಟು. ಕರೆಂಟಿನ ದೊಡ್ಡ ರೇಡಿಯೋ ಓಡಬೇಕಲ್ಲ?

ಆದರೂ ಕರಕರ. ಟ್ರಾನ್ಸಿಸ್ಟರ್ ಹಿಡಿದು ಬೀದಿ ಸುತ್ತಿದ ದೊಡ್ಡಪ್ಪನನ್ನು ಅದು ಅವರ ಮನೆಗೇ ವಾಪಸು ತಂದಿತು. ಒಳಗೆ ದೊಡ್ಡಮ್ಮ ಹೊಲಿಯುತ್ತಿದ್ದರು. ಆಕೆಯ ಕಾಲುನೋವಿಗೆಂದು ಹೊಲಿಗೆ ಮೆಷಿನ್ನಿಗೆ ಮೋಟಾರು ಹಾಕಿಸಿದ್ದು ದೊಡ್ಡಪ್ಪನೇ. ಊರನ್ನೆಲ್ಲ ಜಾಲಾಡಿದವರಿಗೆ ಹೆಂಡತಿಯ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

"ಮದುಮಗಳ ರವಿಕೆ. ಈಗ್ಲೇ ಸಾಗರದ ಬಸ್ಸಿಗೆ ಕೊಡ್ಬೇಕು" ಎಂದರು ದೊಡ್ಡಮ್ಮ. ಆದರೂ ಅವರ ಕೈ ಸ್ವಿಚ್ಚಿನತ್ತ ಹೋಯಿತು.

"ನೀ ಹೊಲಿ ಮಾರಾಯ್ತಿ" ಎಂದ ದೊಡ್ಡಪ್ಪ ಮೋಟಾರಿನ ಪ್ಲಗ್ ಕಿತ್ತು, ಬೆಲ್ಟು ಕಳಚಿ, ಮೆಷಿನ್ನಿನ ಚಕ್ರವನ್ನು ಕೈಯಲ್ಲೇ ತಿರುಗಿಸತೊಡಗಿದರು. ಕರಕರ ನಿಂತಿತು. ಅಕ್ಕನ ದನಿ ಬಂತು. ಅಕ್ಕ ನಾಚಿಕೊಂಡು ಬಾಗಿಲ ಮರೆಗೆ ಸರಿದಳು.

"ನಿಧಾನ, ಹೊಲಿಗೆ ಸೊಟ್ಟ ಆಗ್ತದೆ" ಎಂದು ದೊಡ್ಡಮ್ಮ ಪಿಸುಗುಟ್ಟಿದರು. ದೊಡ್ಡಪ್ಪ ಹಾಡಿಗೆ ತಕ್ಕ ಹಾಗೆ ತಿರುಗಿಸಿದರು. ಆ ಮನುಷ್ಯನ ಮೇಲೆ ಅಂದು ನನಗೆ ಹುಟ್ಟಿದ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ.

ಹಾಡು ಮುಗಿಯಿತು.

"ಸಾಕು ಬಿಡಿ, ರವಿಕೆ ಆಗ್ಲೇ ಮುಗ್ದಿದೆ" ಎಂದರು ದೊಡ್ಡಮ್ಮ.

ದೊಡ್ಡಪ್ಪನಿಗೆ ಕೇಳಿಸಲಿಲ್ಲ. ಕಣ್ಣು ತುಂಬಿಕೊಂಡು ಇನ್ನೂ ತಿರುಗಿಸುತ್ತಿದ್ದರು. ಅಕ್ಕ ಬಾಗಿಲ ಮರೆಯಿಂದ ಬಂದು ಅಪ್ಪನ ಕೈ ಹಿಡಿದ ಮೇಲೆಯೇ ಚಕ್ರ ನಿಂತಿದ್ದು.